ಸಂಪಾದಕರ ಉತ್ತರ: ಒಂದೇ ದೇಶ ಗೆಲ್ಲುವ ಆಟಕ್ಕೆ ಎರಡು ಪುಟವೇಕೆ?

ಮಾನ್ಯರೇ,

ಗಂಡು ಹೆಣ್ಣು ಕೂಡಿ ಬುಟ್ಟಿಗೆ ಚೆಂಡೆಸೆಯುವ ಕಾರ್ಫ್‌ಬಾಲ್ ಆಟದ ನೆದರ್‌ಲ್ಯಾಂಡ್ಸ್ ತಂಡದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಮೂವತ್ತು ವರ್ಷ ದೈಹಿಕ ಶಿಕ್ಷಕರಾಗಿದ್ದ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಸದಾ ಒಂದೇ ದೇಶ ಗೆಲ್ಲುವ ಆಟಕ್ಕೆ ಅಂತರರಾಷ್ಟ್ರೀಯ ಎಂಬ ಹೆಸರೂ ಎರಡು ಪುಟಗಳ ಜಾಗವೂ ಏಕೆ ಎಂಬುದು ಒಂದು. ಗಂಡು ಹೆಣ್ಣು ಒಂದೇ ತಂಡದಲ್ಲಿ ಆಡಿದರೆ ಚೆಂಡು ಹುಡುಗರ ಕೈ ಬಿಟ್ಟು ಹೋಗುವುದೇ ಇಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಆಟವನ್ನು ಕಟ್ಟಿದವರೂ ತಮ್ಮಂತೆ ಶಿಕ್ಷಕರೇ ಆಗಿದ್ದರು.

ಆಮ್‌ಸ್ಟರ್‌ಡ್ಯಾಮ್‌ನ ನಿಕೊ ಬ್ರುಕ್‌ಹಾಯ್ಸನ್ 1902ರಲ್ಲಿ ಸ್ವೀಡನ್ನಿನ ನೇಸ್ ಎಂಬಲ್ಲಿ ಕಂಬದ ಬಳೆಯೊಳಗೆ ಚೆಂಡೆಸೆಯುವ ಆಟವನ್ನು ಕಂಡರು. ಊರಿಗೆ ಮರಳಿದ ಮೇಲೆ ಬಳೆಯ ಜಾಗದಲ್ಲಿ ಬುಟ್ಟಿ ಕಟ್ಟಿ, ತಮ್ಮ ಶಾಲೆಯ ಹುಡುಗರೂ ಹುಡುಗಿಯರೂ ಕೂಡಿ ಆಡುವಂತೆ ನಿಯಮಗಳನ್ನು ಬರೆದರು. ಡಚ್ ಭಾಷೆಯಲ್ಲಿ ಕಾರ್ಫ್ ಎಂದರೆ ಬುಟ್ಟಿ. ಪ್ಲಾಸ್ಟಿಕ್ಕಿನದು ಬರುವವರೆಗೆ ಅದು ಬೆತ್ತದ್ದೇ ಆಗಿತ್ತು.

ತಂಡದಲ್ಲಿ ನಾಲ್ವರು ಪುರುಷರು, ನಾಲ್ವರು ಮಹಿಳೆಯರು. ಅಂಕಣದ ಅರ್ಧಕ್ಕೆ ಇಬ್ಬರು ಪುರುಷರು, ಇಬ್ಬರು ಮಹಿಳೆಯರು. ಪುರುಷನು ಪುರುಷನನ್ನು, ಮಹಿಳೆಯು ಮಹಿಳೆಯನ್ನು ಮಾತ್ರ ತಡೆಯಬಹುದು. ಚೆಂಡನ್ನು ನೆಲಕ್ಕೆ ಬಡಿಯುತ್ತ ಸಾಗುವಂತಿಲ್ಲ, ಹಿಡಿದು ಓಡುವಂತಿಲ್ಲ, ಪಾಸ್ ಕೊಡಲೇಬೇಕು. ತಡೆಯುವವರು ಕೈಯಳತೆಯ ದೂರದಲ್ಲಿ, ಬುಟ್ಟಿಗೂ ಎಸೆಯುವವರಿಗೂ ನಡುವೆ ಎದುರಾಗಿ ನಿಂತು ಕೈಯೆತ್ತಿ ಅಡ್ಡಗಟ್ಟಿದ್ದರೆ, ಚೆಂಡು ಬುಟ್ಟಿಯೊಳಗೆ ಬಿದ್ದರೂ ಗೋಲು ಲೆಕ್ಕಕ್ಕಿಲ್ಲ. ಹಾಗಾಗಿ ಎತ್ತರವೊಂದರಿಂದಲೇ ಇಲ್ಲಿ ಗೆಲ್ಲಲಾಗದು. ಬುಟ್ಟಿಯ ಕೆಳಗೆ ನಿಂತಿರುವ ಸಂಗಾತಿಯತ್ತ ಒಬ್ಬಳು ಚೆಂಡು ಕೊಟ್ಟು, ಮುಂದಕ್ಕೆ ಎರಡು ಹೆಜ್ಜೆ ಓಡಿದಂತೆ ಮಾಡಿ ಥಟ್ಟನೆ ಹಿಂದೆ ಸರಿಯುತ್ತಾಳೆ. ಎದುರಾಳಿ ತಿರುಗುವಷ್ಟರಲ್ಲಿ ಚೆಂಡು ಅವಳ ಕೈಗೆ ಮರಳಿರುತ್ತದೆ, ಎರಡೂ ಕೈಯಿಂದ ಎಸೆದೂ ಆಗಿರುತ್ತದೆ. ಎರಡು ಗೋಲಾದೊಡನೆ ದಾಳಿಯವರು ರಕ್ಷಣೆಗೆ, ರಕ್ಷಣೆಯವರು ದಾಳಿಗೆ ಬದಲಾಗುವುದರಿಂದ, ತಂಡದಲ್ಲಿ ಯಾರೊಬ್ಬರೂ ಲೆಕ್ಕಭರ್ತಿಗೆ ಇರುವಂತಿಲ್ಲ.

ಇನ್ನು ಗೆಲುವಿನ ಮಾತು. ತಮ್ಮ ದೂರಿನಲ್ಲಿ ಸತ್ಯವಿದೆ. 1978ರಿಂದ 2023ರವರೆಗೆ ನಡೆದ ಹನ್ನೆರಡು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಹನ್ನೊಂದು ನೆದರ್‌ಲ್ಯಾಂಡ್ಸ್ ಪಾಲಾಗಿವೆ. 1920 ಮತ್ತು 1928ರ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕಂಡ ಆಟ ಇಂದಿಗೂ ಪದಕದ ಪಟ್ಟಿ ಸೇರದಿರುವುದಕ್ಕೆ ಈ ಏಕಪಕ್ಷೀಯತೆಯೂ ಒಂದು ಕಾರಣವೆಂದೇ ನನ್ನ ಎಣಿಕೆ. ಆದರೆ ಡಚ್ಚರ ಗೆಲುವಿನ ಹಿಂದಿರುವುದು ಊರೂರಿನ ಕ್ಲಬ್ಬುಗಳು. ಅಲ್ಲಿ ಮಗು ಐದಾರು ವರ್ಷಕ್ಕೇ ಗಿಡ್ಡ ಕಂಬದ ಬುಟ್ಟಿಗೆ ಚೆಂಡೆಸೆಯಲು ಕಲಿಯುತ್ತದೆ. ಅಂಥ ಬುನಾದಿಯಿಲ್ಲದ ದೇಶಗಳು ಸೋಲುತ್ತವೆಂದು ಆಟವನ್ನು ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. 1991ರಲ್ಲಿ ಆಂಟ್‌ವರ್ಪ್‌ನಲ್ಲಿ, ತವರಿನ ಜನರೆದುರು, ಬೆಲ್ಜಿಯಂ ಡಚ್ಚರನ್ನು 11-10ರಿಂದ ಸೋಲಿಸಿ ಗೆದ್ದಿತು. 2023ರಲ್ಲಿ ತೈಪೇಯಲ್ಲಿ ನಡೆದ ಫೈನಲ್‌ನಲ್ಲಿ ಡಚ್ಚರೆದುರು ನಿಂತದ್ದು ಅವರ ವಾಡಿಕೆಯ ಎದುರಾಳಿ ಬೆಲ್ಜಿಯಂ ಅಲ್ಲ, ಆತಿಥೇಯ ಚೈನೀಸ್ ತೈಪೇ, ಅಂದರೆ ತೈವಾನ್ ತಂಡ. 1995ರ ಚಾಂಪಿಯನ್‌ಷಿಪ್ ನಮ್ಮ ದೆಹಲಿಯಲ್ಲೇ ನಡೆದಿತ್ತು. ಅದು ನಮ್ಮಲ್ಲಿ ಎಷ್ಟು ಜನರ ನೆನಪಿನಲ್ಲಿದೆ ಎಂದು ಕೇಳಿಕೊಂಡಾಗ ಪತ್ರಕರ್ತನಾಗಿ ನನಗೆ ಬೇಸರವಾಗುತ್ತದೆ. ಆ ಎರಡು ಪುಟಗಳಿಗೆ ಇದೂ ಒಂದು ಕಾರಣ.

ಲೇಖನದ ತಲೆಬರಹದಲ್ಲಿ ‘ಡಚ್ಚರ ಬ್ಯಾಸ್ಕೆಟ್‌ಬಾಲ್’ ಎಂದು ಬಳಸಿದ್ದನ್ನು ತಾವು ಪ್ರಶ್ನಿಸಿದ್ದು ಸರಿ, ಆ ತಪ್ಪು ನಮ್ಮದು. ಕಾರ್ಫ್‌ಬಾಲ್‌ನ ಬುಟ್ಟಿಗೆ ಹಿಂಬದಿಯ ಹಲಗೆಯಿಲ್ಲ, 3.5 ಮೀಟರ್ ಎತ್ತರದ ಅದರ ಕಂಬ ಅಂಕಣದ ಒಳಗೇ ನಿಂತಿರುವುದರಿಂದ, ಅದರ ಸುತ್ತ ಎಲ್ಲ ದಿಕ್ಕಿನಿಂದಲೂ ಚೆಂಡೆಸೆಯಬಹುದು.

— ಸಂಪಾದಕ