ಬೀದರಿನ ಮದರಸಾ, ಮತ್ತೆ ಪುಸ್ತಕಕ್ಕೆ ದುಡ್ಡು ಹಾಕಿದವರು

ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಹಾಲಿನ ಥರದ ಹಳೇ ಲೈಬ್ರರಿ ಕಟ್ಟಡ ನಿಮ್ಮ ಗಡಿ ಜಿಲ್ಲೆಯಲ್ಲಿ ಇದೆಯಾ, ದಾನಿಗಳು ಕಟ್ಟಿಸಿದ್ದು ಯಾವುದಾದರೂ ಉಂಟಾ ಅಂತ ಕೇಳಿದ್ದೀರಿ. ಇದೆ. ನಿಮ್ಮ ಕೆಂಪು ಕಟ್ಟಡಕ್ಕೆ ನೂರು ವರ್ಷ ದಾಟಿದೆ. ನಮ್ಮದು 1472ರದ್ದು. ಆದರೆ ಬೀದರಿಗೆ ಬಂದು 'ಹಳೇ ಲೈಬ್ರರಿ ಎಲ್ಲಿ' ಅಂತ ಕೇಳಿದರೆ ಯಾರೂ ಅದನ್ನು ತೋರಿಸುವುದಿಲ್ಲ. 'ಮದರಸಾ' ಅನ್ನಿ ಸಾಕು, ಲೈಬ್ರರಿ ಇದ್ದದ್ದು ಆ ಹಳೇ ಕಾಲದ ವಿದ್ಯಾಲಯದ ಒಳಗೇ. ಆಟೋದವನು ಮುಂದಿನ ಮಾತು ಕೇಳದೆ ಗಾಡಿ ಎತ್ತುತ್ತಾನೆ.

ಊರ ನಡುವೆ ಚೌಬಾರಾ ಅಂತ ಒಂದು ದುಂಡನೆಯ ಕಾವಲು ಗೋಪುರ ಇದೆ. ಅಲ್ಲಿಂದ ಕೋಟೆ ಕಡೆಗೆ ನಡೆದರೆ ದಾರಿಯಲ್ಲೇ ಮದರಸಾ ಸಿಗುತ್ತದೆ. ಆ ರಸ್ತೆಯಲ್ಲಿ ಬಿದ್ರಿ ಕೆಲಸದವರ ಅಂಗಡಿಗಳಿವೆ. ಕಪ್ಪು ಹೂಜಿಯ ಮೇಲೆ ಬೆಳ್ಳಿ ತಂತಿ ಕೂರಿಸುತ್ತಾ ಕುಳಿತಿರುತ್ತಾರೆ. ಗಿರಾಕಿಯ ಮುಖ ನೋಡಿದ ಕೂಡಲೇ ಯಾವ ಭಾಷೆ ಎತ್ತಬೇಕು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಉದಗೀರದಿಂದ ಬಂದವರಿಗೆ ಮರಾಠಿ, ಜಹೀರಾಬಾದಿನವರಿಗೆ ತೆಲುಗು, ಓಣಿಯವರಿಗೆ ದಖನಿ ಉರ್ದು, ನಿಮಗೆ ಕನ್ನಡ. "ಬರ್ರಿ ಅಣ್ಣಾ, ನೋಡ್ರಿ ಸುಮ್ನೆ, ತಗೊಳ್ಳಾದೇನ್ ಬ್ಯಾಡ" ಅಂತ ಕರೆಯುತ್ತಾರೆ. ಒಳಗೆ ಹೋದರೆ ತಗೊಳ್ಳದೆ ಹೊರಬರುವುದು ಕಷ್ಟ, ಅದು ಬೇರೆ ಮಾತು.

ಈಗ ಕಟ್ಟಡಕ್ಕೆ ಬರೋಣ. ಇದನ್ನು ಕಟ್ಟಿಸಿದವನು ರಾಜನೂ ಅಲ್ಲ, ಈ ಊರಿನವನೂ ಅಲ್ಲ. ಮಹಮೂದ್ ಗವಾನ್ ಇರಾನಿನ ಗಿಲಾನ್ ಸೀಮೆಯವನು. ನಲವತ್ತು ದಾಟಿದ ಮೇಲೆ, 1453ರಲ್ಲಿ, ದಾಭೋಳ ಬಂದರಿಗೆ ಇಳಿದು ಬೀದರಿಗೆ ಬಂದ. ಬಂದದ್ದು ವ್ಯಾಪಾರಕ್ಕೆ. ಆಗ ಬೀದರ ಬಹಮನಿ ಸುಲ್ತಾನರ ರಾಜಧಾನಿ. ಕುದುರೆ, ರೇಷ್ಮೆ ಅಂತ ದೂರ ದೇಶದ ವ್ಯಾಪಾರಿಗಳೆಲ್ಲ ಇಲ್ಲಿ ಜಮಾಯಿಸುತ್ತಿದ್ದರು. ಅಫನಾಸಿ ನಿಕಿಟಿನ್ ಎಂಬ ರಷ್ಯಾದ ವ್ಯಾಪಾರಿ ಕೂಡ ಆ ಕಾಲದಲ್ಲೇ ಕುದುರೆ ಹಿಡಿದುಕೊಂಡು ಬಂದು, ಬೀದರಿನಲ್ಲಿದ್ದು, ಕಂಡದ್ದನ್ನು ಬರೆದಿಟ್ಟಿದ್ದಾನೆ. ಗವಾನ್‌ಗೆ ಮೊದಲು ಸಿಕ್ಕ ಬಿರುದು 'ಮಲಿಕ್-ಉತ್-ತುಜ್ಜಾರ್', ಅಂದರೆ ವ್ಯಾಪಾರಿಗಳ ಮುಖಂಡ. ಮುಂದೆ ಪ್ರಧಾನಿಯೇ ಆದ.

ಅವನನ್ನು ಸಂತ ಮಾಡಿ ಹೇಳುವವರು ನಮ್ಮಲ್ಲಿ ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಮದರಸಾ ಮುಗಿದ ವರ್ಷದಲ್ಲೇ ವಿಜಯನಗರದವರ ಕೈಯಿಂದ ಗೋವಾ ಬಂದರನ್ನು ಕಿತ್ತುಕೊಂಡವನು ಅವನೇ. ಅದಾದ ಮೇಲೆ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದ ದಂಡಿನಲ್ಲೂ ಇದ್ದ. ಯುದ್ಧ, ತೆರಿಗೆ, ರಾಜಕೀಯ ಎಲ್ಲ ಬಲ್ಲ ಗಟ್ಟಿ ಆಸಾಮಿ. ಆದರೆ ಓದಿನ ವಿಷಯಕ್ಕೆ ಬಂದರೆ ಅವನ ಕೈ ಬಿಗಿಯಲಿಲ್ಲ ಅನ್ನುವುದೂ ಅಷ್ಟೇ ನಿಜ.

ಚರಿತ್ರೆಕಾರ ಫೆರಿಶ್ತಾ ಬರೆದ ಒಂದು ವಿವರ ನನಗೆ ಬಹಳ ಇಷ್ಟ. ಗವಾನ್ ತನ್ನ ಹಣಕ್ಕೆ ಎರಡು ಲೆಕ್ಕ ಇಟ್ಟಿದ್ದನಂತೆ. ಒಂದು ಸುಲ್ತಾನನ ಹೆಸರಿನದು, ಸೈನ್ಯ ಮತ್ತು ಲಾಯದ ಖರ್ಚಿಗೆ. ಇನ್ನೊಂದು ಬಡವರ ಹೆಸರಿನದು. ತನ್ನ ಊಟ-ಬಟ್ಟೆಗೆ ಇವೆರಡರಿಂದಲೂ ತೆಗೆಯುತ್ತಿರಲಿಲ್ಲ. ಊರಿನಿಂದ ತಂದ ಬಂಡವಾಳವನ್ನು ವ್ಯಾಪಾರದಲ್ಲಿ ಹಾಕಿ, ಅದರ ಲಾಭದಲ್ಲೇ ಬದುಕುತ್ತಿದ್ದ. ಮಲಗುವುದು ಚಾಪೆ ಮೇಲೆ, ಅಡಿಗೆ ಮಣ್ಣಿನ ಗಡಿಗೆಯಲ್ಲಿ. ಅವನು ಸತ್ತ ಮೇಲೆ ಖಜಾನೆ ಜಪ್ತಿ ಮಾಡಲು ಹೋದವರಿಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲವಂತೆ. ಮನೆಯಲ್ಲಿ ಚಾಪೆ, ಮದರಸಾದಲ್ಲಿ ಮೂರು ಸಾವಿರ ಪುಸ್ತಕ. ಅಚ್ಚಿನ ಯಂತ್ರ ಈ ದೇಶಕ್ಕೇ ಬಂದಿರದ ಕಾಲ ಅದು. ಮೂರು ಸಾವಿರ ಅಂದರೆ ಅಷ್ಟೂ ಕೈಯಲ್ಲಿ ಬರೆದವು. ಒಂದೊಂದಕ್ಕೂ ಕಾಗದ, ಶಾಯಿ, ಬರೆಯುವವನ ಕೂಲಿ, ರಟ್ಟು ಕಟ್ಟುವವನ ಕೂಲಿ ಕೊಡಬೇಕು. ಹಡಗಿನಲ್ಲಿ ಬಂದದ್ದಾದರೆ ಅದರ ಬಾಡಿಗೆ ಬೇರೆ. ಕಟ್ಟಡಕ್ಕಿಂತ ಒಳಗಿನ ಕಪಾಟಿಗೇ ಜಾಸ್ತಿ ಖರ್ಚಾಗಿರಬಹುದು ಅಂತ ಒಮ್ಮೊಮ್ಮೆ ಅನಿಸುತ್ತದೆ.

ಕಟ್ಟಡವೇನೂ ಚಿಕ್ಕದಲ್ಲ. ಉದ್ದ 205 ಅಡಿ, ಅಗಲ 180 ಅಡಿ. ನಡುವೆ ದೊಡ್ಡ ಚೌಕ ಅಂಗಳ, ಸುತ್ತ ಮೂರು ಅಂತಸ್ತು. ಮುಂಬಾಗಿಲು ಪೂರ್ವಕ್ಕೆ. ಬಾಗಿಲಿನ ಒಂದು ಪಕ್ಕಕ್ಕೆ ಮಸೀದಿ, ಇನ್ನೊಂದು ಪಕ್ಕಕ್ಕೆ ಪುಸ್ತಕದ ಕೋಣೆ. ಒಳಗೆ ಪಾಠದ ಹಾಲ್‌ಗಳು, ಮೂಲೆಗಳಲ್ಲಿ ಮೇಷ್ಟ್ರುಗಳಿಗೆ ಮನೆ, ಅಂಗಳದ ಸುತ್ತ ಹುಡುಗರಿಗೆ ರೂಮು. ಓದು, ಊಟ, ವಸತಿ ಎಲ್ಲ ಪುಕ್ಕಟೆ. ಕಲಿಸುವವರು ಅರಬ್ ಮತ್ತು ಪರ್ಷಿಯಾ ಕಡೆಯಿಂದ ಬರುತ್ತಿದ್ದರು. ಪರ್ಷಿಯನ್ ಕವಿ ಜಾಮಿಯನ್ನೂ ಗವಾನ್ ಬೀದರಿಗೆ ಕರೆದಿದ್ದ. ಜಾಮಿ ಬರಲಿಲ್ಲ, ಪತ್ರ ವ್ಯವಹಾರ ಮಾತ್ರ ನಡೆಯಿತು. ದೊಡ್ಡವರನ್ನು ಕಾರ್ಯಕ್ರಮಕ್ಕೆ ಕರೆದು ಕಾಯುವ ಕಷ್ಟ ಬೀದರಿಗೆ ಇವತ್ತಿನದಲ್ಲ ನೋಡಿ.

ಈ ನಕ್ಷೆ ನಮ್ಮ ಸೀಮೆಯದಲ್ಲ. ಇರಾನಿನ ಖೊರಾಸಾನ್ ಕಡೆ ಖರ್ಗಿರ್ದ್ ಎಂಬಲ್ಲಿ ಇದಕ್ಕಿಂತ ಕೆಲವೇ ದಶಕ ಮೊದಲು ಕಟ್ಟಿದ ಮದರಸಾ ಒಂದಿದೆ, ಅದರ ಹೋಲಿಕೆ ಇದರಲ್ಲಿ ಕಾಣುತ್ತದೆ ಅಂತ ತಿಳಿದವರು ಹೇಳುತ್ತಾರೆ. ಆದರೆ ಖೊರಾಸಾನಿನಲ್ಲಿ ಬೀದರಿನಂಥ ಮಳೆಗಾಲ ಇಲ್ಲವಲ್ಲ. ಇಲ್ಲಿ ಜುಲೈ ಬಂತೆಂದರೆ ಗೋಡೆ ನೀರು ಕುಡಿಯುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಅವರು ಮಾಡಿದ ಉಪಾಯ ಕೇಳಿ. ಬುನಾದಿಯ ಮಟ್ಟದಲ್ಲಿ ಸೀಸದ ತಗಡು ಹಾಸಿ, ಅದರ ಮೇಲೆ ಗೋಡೆ ಎಬ್ಬಿಸಿದರು. ನೆಲದ ಥಂಡಿ ಮೇಲೆ ಏರದ ಹಾಗೆ. ಈಗಿನ ಇಂಜಿನಿಯರುಗಳು ಮನೆ ಕಟ್ಟುವಾಗ ಡಿಪಿಸಿ ಅಂತ ಥಂಡಿ ತಡೆಯುವ ಪದರ ಹಾಕುತ್ತಾರಲ್ಲ, ಅದೇ ಕೆಲಸ.

ಎದುರಿಗೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮಿನಾರು. ಸುಮಾರು 130 ಅಡಿ ಎತ್ತರ. ಹತ್ತಿರ ಹೋಗಿ ನೋಡಿ. ದುಂಡಗಿನ ಮೈ ಪೂರ್ತಿ ಹೆಂಚಿನ ಬಿಲ್ಲೆ ಕೂರಿಸಿದ್ದರು. ನೀಲಿ, ಬಿಳಿ, ಹಸಿರು, ಹಳದಿ, ಅಂಕುಡೊಂಕು ಗೆರೆಗಳಾಗಿ ಸುತ್ತಿಕೊಂಡು ಮೇಲಕ್ಕೆ ಹೋಗುತ್ತವೆ. ಬಹಳ ಕಡೆ ಬಿಲ್ಲೆ ಉದುರಿ ಬರೀ ಗಾರೆ ಕಾಣುತ್ತದೆ. ಉಳಿದ ಕಡೆ ಬಣ್ಣ ಮಾಸಿಲ್ಲ. ಮುಂಗೋಡೆಯ ಮೇಲ್ಗಡೆ ಕುರಾನಿನ ಸಾಲುಗಳ ಪಟ್ಟಿ, ಅದೂ ಬಿಲ್ಲೆಯಲ್ಲೇ. ಒಂದೊಂದು ಅಕ್ಷರ ಎಷ್ಟು ದೊಡ್ಡದು ಎಂದರೆ ರಸ್ತೆಯಿಂದಲೇ ಓದಬಹುದು, ಓದಲು ಬಂದರೆ.

ಇಂಥದ್ದೇ ಇನ್ನೊಂದು ಮಿನಾರು ಇತ್ತು. ಈಗ ಆ ಜಾಗದಲ್ಲಿ ಬಯಲು. ಹದಿನೇಳನೇ ಶತಮಾನದಲ್ಲಿ ಔರಂಗಜೇಬ ಬೀದರ ಗೆದ್ದ ಮೇಲೆ ಮೊಗಲರು ಮದರಸಾವನ್ನು ಸೈನಿಕರ ಠಾಣ್ಯ ಮಾಡಿಕೊಂಡರು. ಕೋಣೆಗಳಲ್ಲಿ ಮದ್ದಿನ ಪುಡಿ ತುಂಬಿಟ್ಟರು. 1696ರ ಸುಮಾರಿಗೆ ಅದಕ್ಕೆ ಬೆಂಕಿ ಬಿತ್ತು. ಸಿಡಿಲು ಹೊಡೆಯಿತು ಅಂತ ಊರ ಮಾತು. ಮುಂಗೋಡೆಯ ಅರ್ಧ, ದಕ್ಷಿಣದ ಭಾಗ, ಒಂದು ಮಿನಾರು, ಎಲ್ಲ ಹಾರಿಹೋದವು. ಮೂರು ಸಾವಿರ ಪುಸ್ತಕದಲ್ಲಿ ಒಂದು ಹಾಳೆಯೂ ಇವತ್ತು ಅಲ್ಲಿಲ್ಲ. ಗವಾನ್ ಅಷ್ಟರಲ್ಲಿ ಹೋಗಿ ಎರಡು ಶತಮಾನ ಕಳೆದಿತ್ತು. ಅವನನ್ನು 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ದರಬಾರಿನ ಎದುರು ಗುಂಪಿನವರು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರ ಅಂತ ಸೃಷ್ಟಿಸಿದರು. ಮರು ವರ್ಷ ಸುಲ್ತಾನನೂ ಸತ್ತ. ಅಲ್ಲಿಂದಾಚೆಗೆ ರಾಜ್ಯ ಐದು ಹೋಳಾಗಲು ಬಹಳ ಕಾಲ ಹಿಡಿಯಲಿಲ್ಲ.

ಗೈಡ್‌ಗಳು ಈ ಕೊಲೆ ಕಥೆಯನ್ನೇ ರಸವತ್ತಾಗಿ ಹೇಳುತ್ತಾರೆ. ಪ್ರವಾಸಿಗರು ಮಿನಾರಿನ ಮುಂದೆ ಸೆಲ್ಫಿ ತೆಗೆದು ಕೋಟೆಗೆ ಹೋಗುತ್ತಾರೆ. ಪುಸ್ತಕದ ಕೋಣೆ ಯಾವ ಕಡೆ ಇತ್ತು ಅಂತ ಕೇಳುವವರು ಕಡಿಮೆ. ನೀವು ಕೇಳಿದ್ದೀರಿ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇನ್ನು ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ. ಗವಾನ್ ಆದಮೇಲೆ ಯಾರೂ ಕೊಡಲಿಲ್ವಾ? ಕೊಟ್ಟರು. ಆದರೆ ಅರಮನೆಯಂಥ ಕಟ್ಟಡ ಏಳಲಿಲ್ಲ. ಅದಕ್ಕೆ ಕಾರಣ ಇದೆ. ನಾವು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೆಳಗಿದ್ದೆವು. ಕಚೇರಿ, ಶಾಲೆ, ಕೋರ್ಟು ಎಲ್ಲ ಉರ್ದು. ಮನೆಯಲ್ಲಿ ಕನ್ನಡ, ತೆಲುಗು ಅಥವಾ ಮರಾಠಿ ಮಾತಾಡುವ ಹುಡುಗ ಶಾಲೆಯಲ್ಲಿ ಉರ್ದು ಓದಬೇಕು. ಹಾಗಾಗಿ ಒಂದೊಂದು ಭಾಷೆಯವರೂ ತಮ್ಮ ಪುಸ್ತಕಕ್ಕೆ ತಾವೇ ದುಡ್ಡು ಹೊಂದಿಸಬೇಕಾಯಿತು. ತೆಲುಗಿನವರು ಮೊದಲು ಎದ್ದರು. 1901ರಲ್ಲಿ ಹೈದರಾಬಾದಿನಲ್ಲಿ ರಾವಿಚೆಟ್ಟು ರಂಗರಾವ್, ಕೊಮರ್ರಾಜು ಲಕ್ಷ್ಮಣರಾವ್ ಮುಂತಾದವರು, ಮುನಗಾಲದ ಜಮೀನ್ದಾರರೂ ಸೇರಿ, ಒಂದು ಗ್ರಂಥಾಲಯ ತೆರೆದರು. ಹೆಸರು ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯಂ. ನಮ್ಮ ಹಂಪಿಯ ರಾಯನ ಹೆಸರು, ತೆಲುಗು ಗ್ರಂಥಾಲಯಕ್ಕೆ! ಸುಲ್ತಾನ್ ಬಜಾರಿನಲ್ಲಿ ಅದು ಈಗಲೂ ಇದೆ. ಹೈದರಾಬಾದ್ ನಮಗೆ ಮೂರು ಗಂಟೆಯ ದಾರಿ, ಬೆಂಗಳೂರಿನ ಹಾಗೆ ಒಂದು ರಾತ್ರಿಯ ಪ್ರಯಾಣವಲ್ಲ. ಆಸ್ಪತ್ರೆಗೆ, ಮದುವೆ ಸೀರೆಗೆ ಅಲ್ಲಿಗೇ ಹೋಗುತ್ತೇವೆ.

ಕನ್ನಡದ ಮಟ್ಟಿಗೆ ಈ ಕೆಲಸ ಮಾಡಿದ್ದು ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು. 1890ರಲ್ಲಿ ಹುಟ್ಟಿ 1999ರವರೆಗೆ ಬದುಕಿದವರು. ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ನಮ್ಮ ಕಡೆ ಇದನ್ನು ಕೇಳದೆ ಬೆಳೆದ ಮಕ್ಕಳಿಲ್ಲ. ಅವರ ಹತ್ತಿರ ಕುದುರೆ ವ್ಯಾಪಾರ ಇರಲಿಲ್ಲ, ಜೋಳಿಗೆ ಇತ್ತು. ಹಳ್ಳಿ ಹಳ್ಳಿ ತಿರುಗಿ ಕಾಳು-ಕಾಸು ಕೂಡಿಸಿ ಹುಡುಗರನ್ನು ಸಾಕಿ ಓದಿಸಿದರು. ಆ ಹುಡುಗರೇ ಮುಂದೆ ಮೇಷ್ಟ್ರುಗಳಾಗಿ ಹಳ್ಳಿಗಳಿಗೆ ಹೋದರು. ಗವಾನನ ಪಕ್ಕದಲ್ಲಿ ಇವರನ್ನು ನಿಲ್ಲಿಸುವುದಕ್ಕೆ ಕೆಲವರು ಮುಖ ಸಿಂಡರಿಸಬಹುದು. ಒಬ್ಬ ಪ್ರಧಾನಿ, ಒಬ್ಬ ಸ್ವಾಮಿ, ಧರ್ಮ ಬೇರೆ, ಭಾಷೆ ಬೇರೆ. ಆದರೆ ಪುಕ್ಕಟೆ ಊಟ, ಪುಕ್ಕಟೆ ಓದು, ಹೊರಗಿನ ಹುಡುಗರಿಗೆ ಇರಲು ಜಾಗ ಎಂಬ ಲೆಕ್ಕ ಇಬ್ಬರದೂ ಒಂದೇ. ನನಗಂತೂ ಇಬ್ಬರೂ ಒಂದೇ ಸಾಲಿನವರು.

1956ರಲ್ಲಿ ಜಿಲ್ಲೆಯೇ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹ್ಮದಪುರ ಮಹಾರಾಷ್ಟ್ರದ ಕಡೆಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರದ ಕಡೆಗೆ, ಉಳಿದದ್ದು ಕರ್ನಾಟಕಕ್ಕೆ. ಬೀಗರು-ಬಿಜ್ಜರು ಮೂರೂ ಕಡೆ ಇದ್ದಾರೆ. ಅಜ್ಜ ಉರ್ದುವಿನಲ್ಲಿ ಜಮೀನಿನ ಕಾಗದ ಬರೆಸಿದ್ದು, ಅಪ್ಪ ಮರಾಠಿ ಪೇಪರು ಓದಿದ್ದು, ಮಗಳು ಕನ್ನಡ ಶಾಲೆಗೆ ಹೋಗುವುದು, ಇದೆಲ್ಲ ಒಂದೇ ಮನೆಯಲ್ಲಿ ಉಂಟು. ಆ ಜಮೀನಿನ ಕಾಗದ ಓದಿಸಲು ಇವತ್ತಿಗೂ ಉರ್ದು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗುತ್ತಾರೆ.

ಈಗಿನ ಲೈಬ್ರರಿಗಳಿಗೆ ಗವಾನ್ ಬೇಕಾಗಿಲ್ಲ. 1965ರ ಗ್ರಂಥಾಲಯ ಕಾಯ್ದೆ ಬಂದ ಮೇಲೆ ದಾನಿ ಯಾರು ಗೊತ್ತಾ? ನೀವು, ನಾನು. ಮನೆ ತೆರಿಗೆ ಕಟ್ಟಿದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಗವಾನ್ ಲಾಭದಿಂದ ಕೊಟ್ಟ, ನಾವು ಗೊತ್ತಿಲ್ಲದೆ ಕೊಡುತ್ತಿದ್ದೇವೆ. ಕೊಟ್ಟ ಮೇಲೆ ಹೋಗಿ ಕೂತು ಓದುವ ಹಕ್ಕೂ ಇದೆ ಅಲ್ವಾ? ಪಂಚಾಯ್ತಿ ಲೈಬ್ರರಿಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಕೆಲಸದ ಪರೀಕ್ಷೆಗೆ ತಯಾರಿ ಮಾಡುವ ಹುಡುಗ-ಹುಡುಗಿಯರೇ ಅಲ್ಲಿ ಜಾಸ್ತಿ. ಅವರಿಗೆ ಬೇಕಾದ್ದು ಫ್ಯಾನು, ಕರೆಂಟು, ಈ ವರ್ಷದ ಗೈಡು. ಮಿನಾರು ಬೇಕಿಲ್ಲ.

ಮದರಸಾ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ದಖನ್ ಸುಲ್ತಾನರ ಕಾಲದ ಕಟ್ಟಡಗಳ ಜೊತೆ ಬೀದರಿನ ಸ್ಮಾರಕಗಳೂ 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಪಕ್ಕಾ ಪಟ್ಟಿಗೆ ಯಾವಾಗ ಏರುತ್ತದೋ ನೋಡೋಣ.

ಬರುವುದಾದರೆ ಮಳೆ ನಿಂತ ಮೇಲೆ ಬನ್ನಿ, ಬೇಸಿಗೆ ಬೇಡ. ಬೆಳಿಗ್ಗೆ ಬೇಗ ಮದರಸಾಕ್ಕೆ ಹೋಗಿ. ಮುಂಗೋಡೆ ಪೂರ್ವಕ್ಕೆ ಇರುವುದರಿಂದ ಬಿಸಿಲು ನೇರ ಬಿಲ್ಲೆಗಳ ಮೇಲೆ ಬೀಳುತ್ತದೆ, ಮಧ್ಯಾಹ್ನದ ಮೇಲೆ ಆ ನೀಲಿ ಕಾಣುವುದಿಲ್ಲ. ಅಂಗಳದಿಂದ ಹಿಂದಿರುಗಿ ನೋಡಿದರೆ ಮುರಿದ ಗೋಡೆಯ ದಪ್ಪ ಗೊತ್ತಾಗುತ್ತದೆ. ಕೋಟೆಗೆ ಅರ್ಧ ದಿನ ಬೇಕು. ಮಾರನೇ ದಿನ ಭಾಲ್ಕಿಗೆ ಹೋಗಿ, ಬೀದರಿನಿಂದ ಬಸ್ಸೂ ಇದೆ, ರೈಲೂ ಇದೆ. ಮಠದಲ್ಲಿ ಊಟದ ಹೊತ್ತಿಗೆ ಹೋದರೆ ಊಟ ಮಾಡದೆ ಬಿಡುವುದಿಲ್ಲ, ಅದಕ್ಕೆ ಹೋಟೆಲಿನಲ್ಲಿ ತಿಂಡಿ ಸ್ವಲ್ಪ ಕಡಿಮೆ ತಿನ್ನಿ.