ಭಾಂಗ್ ಯಾಕೆ ಲೇಟಾಗಿ ಹತ್ತುತ್ತೆ?

ಪ್ರಶ್ನೆ: ಡಾಕ್ಟ್ರೇ, ಶಿವರಾತ್ರಿ ಜಾಗರಣೆ ದಿನ ಫ್ರೆಂಡ್ ಮನೇಲಿ ಭಾಂಗ್ ಹಾಕಿದ ಥಂಡಾಯಿ ಕೊಟ್ರು. ಒಂದು ಗಂಟೆ ಆದ್ರೂ ಏನೂ ಅನ್ನಿಸ್ಲಿಲ್ಲ ಅಂತ ಇನ್ನೊಂದು ಗ್ಲಾಸ್ ಏರಿಸ್ದೆ, ಆಮೇಲೆ ಎದೆ ಡವಡವ, ಬಾಯೆಲ್ಲ ಒಣಗಿ, ಸತ್ತೇ ಹೋಗ್ತೀನಿ ಅನ್ನೋ ಭಯ. ಗಾಂಜಾ ಸೇದೋರಿಗೆ ಹಿಂಗಾಗಲ್ವಂತೆ, ನಿಜಾನಾ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಸೇದೋರಿಗೂ ಆಗುತ್ತೆ ಸ್ವಾಮಿ, ಆದ್ರೆ ಬೇಗ ಗೊತ್ತಾಗುತ್ತೆ. ಹೊಗೆ ಶ್ವಾಸಕೋಶದಿಂದ ಸೀದಾ ರಕ್ತಕ್ಕೆ ಸೇರಿ ನಿಮಿಷಗಳಲ್ಲಿ ಮೆದುಳಿಗೆ ಹೋಗುತ್ತೆ. ಕುಡಿದಿದ್ದು ಹಂಗಲ್ಲ, ಹೊಟ್ಟೆ, ಕರುಳು ದಾಟಿ ಮೊದ್ಲು ಲಿವರ್‌ಗೆ ಬರ್ಬೇಕು, ಅಲ್ಲಿ ಭಾಂಗ್‌ನಲ್ಲಿರೋ ಅಮಲಿನ ಅಂಶ ಟಿಎಚ್‌ಸಿ ಒಂದಷ್ಟು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಾಗುತ್ತೆ, ಅದಕ್ಕೂ ಅಮಲೇರಿಸೋ ಶಕ್ತಿ ಚೆನ್ನಾಗೇ ಇದೆ. ಶುರುವಾಗೋಕೇ 30 ನಿಮಿಷದಿಂದ 2 ಗಂಟೆ ಬೇಕು, ನೀವು ಎರಡನೇ ಗ್ಲಾಸ್ ಎತ್ತಿದಾಗ ಮೊದಲನೇದು ಇನ್ನೂ ದಾರೀಲಿತ್ತು.

ಮೆದುಳಲ್ಲಿ ಸಿಬಿ1 ಅನ್ನೋ ರಿಸೆಪ್ಟರ್‌ಗಳಿಗೆ (ಜೀವಕೋಶದ ಮೇಲಿನ, ಸಂಕೇತ ಹಿಡಿಯೋ ಕೊಂಡಿಗಳಿಗೆ) ಟಿಎಚ್‌ಸಿ ಅಂಟ್ಕೊಳ್ಳುತ್ತೆ. ನೆನಪು, ಸಮಯದ ಅಂದಾಜು, ಕೈಕಾಲಿನ ಹಿಡಿತ ನೋಡ್ಕೊಳ್ಳೋ ಜಾಗಗಳಲ್ಲಿ ಇವು ತುಂಬಾ ಇವೆ, ಅದಕ್ಕೇ ಐದು ನಿಮಿಷ ಅರ್ಧ ಗಂಟೆ ಥರ ಅನ್ಸೋದು. ಉಸಿರಾಟ ನಡೆಸೋ ಭಾಗದಲ್ಲಿ ಕಮ್ಮಿ, ಹಾಗಾಗಿ ಅಫೀಮಿನ ಥರ ಉಸಿರು ನಿಲ್ಲೋದು ಅಪರೂಪ. ಹೃದಯದ ವಿಷ್ಯ ಬೇರೆ, ಬಡಿತ ಏರುತ್ತೆ, ರಕ್ತನಾಳ ಹಿಗ್ಗಿ ಕಣ್ಣು ಕೆಂಪಗಾಗುತ್ತೆ, ಎದ್ದು ನಿಂತ್ರೆ ಬಿಪಿ ಇಳಿದು ತಲೆ ಸುತ್ತಬಹುದು. ‘ಗಿಡಮೂಲಿಕೆ ತಾನೇ’ ಅನ್ನೋರ ಮಾತು ಇಲ್ಲಿ ನಡೆಯಲ್ಲ.

ಬಿಪಿ ಮಾತ್ರೆ, ರಕ್ತ ತೆಳುವಾಗಿಸೋ ವಾರ್ಫರಿನ್ ತಗೊಳ್ತಿದ್ರೆ ನಿಮ್ಮ ಡಾಕ್ಟ್ರಿಗೆ ಮುಚ್ಚಿಡದೆ ಹೇಳಿ. ಎದೆ ನೋವು ಬಂದ್ರೆ ಮಜ್ಜಿಗೆ, ನಿಂಬೆಹಣ್ಣು ಅಂತ ಕೂರ್ಬೇಡಿ, ಎಮರ್ಜೆನ್ಸಿಗೆ ಹೋಗಿ.