ಹಳೇ 'ಮೈಸೂರು' ನೌಕೆಗೆ ಎಷ್ಟು ಫಿರಂಗಿ?

ಪ್ರಶ್ನೆ: ಹಳೆಯ ಐಎನ್‌ಎಸ್ ಮೈಸೂರು ಯುದ್ಧನೌಕೆಯ ಮಾದರಿ ಮಾಡುತ್ತಿದ್ದೇನೆ. ಒಂದು ಚಿತ್ರದಲ್ಲಿ 12 ದೊಡ್ಡ ಫಿರಂಗಿ, ಇನ್ನೊಂದರಲ್ಲಿ 9. ಯಾವುದು ಸರಿ? ತೊಟ್ಟಿ ನೀರಿಗೆ ಬಿಟ್ಟರೆ ಮಗುಚುತ್ತದೆ, ಏಕೆ?
- ಓದುಗರು, ಮದ್ದೂರು

ಉತ್ತರ: ಎರಡೂ ಸರಿ, ಕಾಲ ಬೇರೆ. 1940ರಲ್ಲಿ ಬ್ರಿಟನ್ನಿನ 'ನೈಜೀರಿಯಾ' ಆಗಿ ಸೇವೆಗಿಳಿದಾಗ ನಾಲ್ಕು ಗೋಪುರ, ಒಂದೊಂದಕ್ಕೆ ಮೂರರಂತೆ 6 ಇಂಚಿನ 12 ಫಿರಂಗಿ. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿದಾಗ ಉಳಿದದ್ದು ಮೂರು ಗೋಪುರ, 9 ಫಿರಂಗಿ. ಹಿಂಭಾಗದ ಎರಡರಲ್ಲಿ ಎತ್ತರದಲ್ಲಿದ್ದದ್ದನ್ನು ಅಂಟಿಸಬೇಡಿ. ಈ ವರ್ಗದ ಹಲವು ನೌಕೆಗಳಲ್ಲಿ ಅದನ್ನೇ ಕಿತ್ತರು: ವಿಮಾನ ನಿರೋಧಕ ಫಿರಂಗಿ, ರೇಡಾರ್ ಎಲ್ಲ ಮೇಲೇರಿ ತಲೆಭಾರ ಹೆಚ್ಚಿತ್ತು.

ನಿಮ್ಮ ಮಾದರಿಗೂ ಅದೇ ಕಾಯಿಲೆ. ಭಾರದ ಕೇಂದ್ರ ಮೇಲೇರಿದಷ್ಟೂ ವಾಲಿದ ಹಡಗು ನೆಟ್ಟಗಾಗುವ ಬಲ ಕುಗ್ಗುತ್ತದೆ. ತಳದ ನಡುಗೆರೆಯುದ್ದಕ್ಕೂ ಸೀಸದ ಚೂರು ಅಂಟಿಸಿ. ಸಡಿಲ ಬಿಟ್ಟರೆ ವಾಲಿದ ಕಡೆಗೇ ಉರುಳಿ ಇನ್ನೂ ಕೆಡಿಸುತ್ತವೆ. ಒಳಗೆ ನೀರು ಜಿನುಗಿದರೂ ಇದೇ ಪಾಡು. ಬೆರಳಲ್ಲಿ ಒತ್ತಿ ಬಿಡಿ. ಸೋಮಾರಿಯಂತೆ ನಿಧಾನಕ್ಕೆ ಎದ್ದರೆ ಸೀಸ ಸಾಲದು. ಅಂದಹಾಗೆ, 350ಕ್ಕೆ 1ರ ಅಳತೆಯಲ್ಲಿ ಉದ್ದ ಸುಮಾರು 48 ಸೆಂ.ಮೀ. ಬರಬೇಕು.